ಹಗ್ಗದ ತುದಿಯ ಕೆಂಪು ದಾರ

ನಂಬೋದು ಬಿಡೋದು ನಿಮಗೆ ಸೇರಿದ್ದು. ಭಾವನ ಬೆರಳನ್ನು ಮಾತ್ರ ಈಗಲೂ ಬಂದು ನೋಡಬಹುದು.

ಅಕ್ಕ, ಭಾವ, ನಾನು ದ್ವೀಪದ ದಂಡೆಯಲ್ಲಿ ಟೆಂಟ್ ಹಾಕಲು ಹೋಗಿದ್ದೆವು. ಹಿಂದಿನ ವರ್ಷ ಅದೇ ಕಡಲಲ್ಲಿ ದೋಣಿ ವಾಲಿದಾಗ, ನೀರಿಗೆ ಬಿದ್ದು ಅದರ ಹಗ್ಗ ಹಿಡಿದು ಜೋತುಬಿದ್ದಿದ್ದ ಅಂಬಿಗ ಮುಳುಗಿಹೋಗಿದ್ದ. ಆಗ ದೋಣಿಯಲ್ಲಿ ಉಳಿದಿದ್ದವರು ಭಾವ ಒಬ್ಬರೇ. "ಹಗ್ಗ ತಾನಾಗೇ ಕಿತ್ತುಹೋಯ್ತು" ಅಂದಿದ್ದರು. ಉಳಿದ ತುಂಡು ಮಾತ್ರ ಚಾಕುವಿನಲ್ಲಿ ಕೊಯ್ದ ಹಾಗೆ ನುಣ್ಣಗಿತ್ತು.

ಆ ಅಂಬಿಗನಿಗೊಂದು ಅಭ್ಯಾಸ. ಎಳೆ ಬಿಚ್ಚಬಾರದೆಂದು ಪ್ರತಿ ಹಗ್ಗದ ತುದಿಗೂ ಕೆಂಪು ದಾರ ಸುತ್ತಿ ಬಿಗಿಯುತ್ತಿದ್ದ.

ಸಂಜೆ ಭಾವ ಅಂಗಡಿಯಿಂದ ತಂದ ಹೊಸ ಹಗ್ಗ ಬಿಚ್ಚಿದರು. ತುದಿಯಲ್ಲಿ ಕೆಂಪು ದಾರ, ಒದ್ದೆ.

"ಯಾರೇ ಇದನ್ನ ಸುತ್ತಿದ್ದು?" ಅಂತ ಅಕ್ಕನ ಮೇಲೆ ರೇಗಿದರು.

"ನನಗೇನು ಬೇರೆ ಕೆಲಸ ಇಲ್ವಾ?" ಅಂದಳು ಅಕ್ಕ.

ಭಾವ ದಾರದ ಸಮೇತ ತುದಿಯನ್ನು ಕತ್ತರಿಸಿ ಎಸೆದರು. ಗೂಟಕ್ಕೆ ಕಟ್ಟಲು ಬಗ್ಗಿದರೆ, ಹೊಸ ತುದಿಯಲ್ಲೂ ಅದೇ ದಾರ. ಮುಟ್ಟಿದರೆ ಮಂಜಿನಷ್ಟು ತಣ್ಣಗೆ. ಮತ್ತೆ ಕತ್ತರಿಸಿದರು, ಮತ್ತೆ ಬಂತು. ಹಲ್ಲು ಕಚ್ಚಿಕೊಂಡು ಕೊಯ್ಯುತ್ತಲೇ ಹೋದರು. ಕೊನೆಗೆ ಕೈಯಲ್ಲಿ ಗೇಣುದ್ದ ಹಗ್ಗವೂ ಉಳಿಯಲಿಲ್ಲ.

ಟೆಂಟ್ ಸುತ್ತಿಟ್ಟು ಮರಳಿನ ಮೇಲೇ ಮಲಗಿದೆವು. ಬೆಳಿಗ್ಗೆ ಎದ್ದಾಗ ಭಾವನ ಕಿರುಬೆರಳ ತುದಿಗೆ ಕೆಂಪು ದಾರ ಸುತ್ತಿತ್ತು. ಅಂಬಿಗನ ಕೈಯ ಅದೇ ಅಚ್ಚುಕಟ್ಟು, ಅದೇ ಬಿಗಿ.

ಬೆರಳು ಈಗ ಕಪ್ಪಾಗಿದೆ. ಅಕ್ಕ ಕತ್ತರಿ ಹಿಡಿದು ಅಳುತ್ತಾಳೆ. ಭಾವ ಯಾರಿಗೂ ಮುಟ್ಟಲು ಬಿಡುವುದಿಲ್ಲ.

"ಇದನ್ನ ಕತ್ತರಿಸಿದ್ರೆ ಮುಂದೆ ಎಲ್ಲಿ ಕಟ್ತಾನೋ" ಅಂತಾರೆ.

ಆ ದಾರ ಇನ್ನೂ ಒಣಗಿಲ್ಲ.