ಕೆಂಪಾಗದ ಅಂಗೈ

"ಮುಷ್ಟಿ ಬಿಗೀರಿ. ಇನ್ನೂ."

ಮಾಲತೇಶ್ ಎಡಗೈ ಬಿಗಿದ. ಕಿವಿಯಿಂದ ತುಟಿಯವರೆಗೆ ಎಡಗೆನ್ನೆಯ ಚರ್ಮ ಕಿತ್ತುಹೋಗಿತ್ತು, ಉಳಿದದ್ದನ್ನು ಸದ್ಯಕ್ಕೆ ಹೊಲಿದಿದ್ದರು. ಹರಿಹರದ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ತಡವಾಯಿತೆಂದು ಮಲೆಬೆನ್ನೂರಿನ ಉಚ್ಚೆಂಗಪ್ಪ ಕುಡುಗೋಲು ಬೀಸಿದ್ದ. ಮೆಕ್ಯಾನಿಕ್ ಮಾಲತೇಶ್ ಅವನ ನಾಲ್ಕು ಹಲ್ಲು ಉದುರಿಸಿದ್ದ. ಐದನೆಯದು ಮೊದಲೇ ಅಲುಗಾಡುತ್ತಿತ್ತು, ಅದು ಬಿದ್ದದ್ದು ಇವನ ಲೆಕ್ಕಕ್ಕೆ ಸೇರುವುದಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ನಯನಾ ಅವನ ಮಣಿಕಟ್ಟಿನ ಎರಡೂ ರಕ್ತನಾಳಗಳನ್ನು ಹೆಬ್ಬೆರಳುಗಳಿಂದ ಒತ್ತಿಹಿಡಿದಳು.

'ರೌಡಿ... ಆದರೆ ಕಣ್ಣು ಯಾಕೆ ಇಷ್ಟು ಮೆತ್ತಗೆ?'

"ಮುಂಗೈ ಚರ್ಮಾನ ಹೆಬ್ಬೆರಳ ಕಡೆ ನಾಳದ ಸಮೇತ ತೆಗೆದು ಕೆನ್ನೆಗೆ ಕೂರಿಸ್ತೀವಿ. ಉಳಿದ ಒಂದೇ ನಾಳ ಕೈ ಸಾಕಬೇಕು. ಈಗ ಮುಷ್ಟಿ ಬಿಚ್ರಿ. ಕಿರುಬೆರಳ ಕಡೆ ನಾಳಾನ ಬಿಡ್ತೀನಿ, ಹತ್ತು ಎಣಿಸೋದ್ರಾಗೆ ಅಂಗೈ ಕೆಂಪಾಗ್ಬೇಕು."

"ಆಗ್ಲಿಲ್ಲಾಂದ್ರೆ?"

"ಆಪರೇಷನ್ ಆದ್ಮೇಲೆ ಕೈ ಕೊಳೀತೈತೆ."

ಅವಳು ಒಂದು ಹೆಬ್ಬೆರಳು ಎತ್ತಿದಳು. ಒಂದು... ಎರಡು...

ಮೂರಕ್ಕೆ ಬಾಗಿಲು ಒದ್ದು ಉಚ್ಚೆಂಗಪ್ಪ ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ಪೈಪು.

"ನನ್ ಮ್ಯಾಲೆ ಕಂಪ್ಲೇಂಟ್ ಕೊಡ್ತೀಯೇನಲೇ?"

ಮೊದಲ ಏಟಿಗೆ ಸಲೈನ್ ಸ್ಟ್ಯಾಂಡ್ ಮುರಿಯಿತು. ಎರಡನೆಯದು ನಯನಾಳ ತಲೆಯತ್ತ ಬಂತು... ಮಾಲತೇಶ್ ಬಲಗೈ ಅಡ್ಡ ಕೊಟ್ಟ. ಎಲುಬು ಲಟಕ್ಕೆಂದಿತು.

"ಎಡಗೈ ಬಿಡ್ರಿ ಡಾಕ್ಟ್ರೇ, ಬೇಕಾಗೈತೆ."

"ಅಲ್ಲಾಡಿಸ್ಬ್ಯಾಡ್ರಿ. ಆರು."

ಕುಳಿತಲ್ಲಿಂದಲೇ ಅವನು ಒದ್ದ. ಉಚ್ಚೆಂಗಪ್ಪ ಔಷಧಿ ಬೀರುವಿನೊಳಗೆ ಹೋಗಿ, ಗಾಜಿನ ಸಮೇತ ಹೊರಬಂದ. ಮತ್ತೊಂದು ಒದೆ. ಕೆನ್ನೆಯ ಹೊಲಿಗೆ ಬಿಚ್ಚಿ ರಕ್ತ ಅವಳ ಬಿಳಿ ಕೋಟಿಗೆ ಹಾರಿತು. ಮೂರನೆಯ ಒದೆಗೆ ಉಚ್ಚೆಂಗಪ್ಪ ನೆಲದ ಮೇಲೆ ನೆಮ್ಮದಿಯಾಗಿ ಮಲಗಿದ.

"ಹತ್ತು," ಎಂದಳು ನಯನಾ. ಇಪ್ಪತ್ತಾಯಿತು. ಅಂಗೈ ಅಕ್ಕಿಹಿಟ್ಟಿನಂತೆ ಬೆಳ್ಳಗೇ ಇತ್ತು.

"ಏನ್ ಮಾಡ್ಕೊಂಡೀರಿ ಇದಕ್ಕೆ?"

"ಬೇರಿಂಗ್ ಕೂರಿಸಾಕ ಈ ಅಂಗೈ ಬುಡದಿಂದ್ಲೇ ಗುದ್ದತೀನ್ರಿ. ಹನ್ನೆರಡು ವರ್ಷ ಆತು. ಸುತ್ತಿಗೆ ಮುಟ್ಟಿದ್ರೆ ಗ್ಯಾರೇಜಿನಾಗ ನಗ್ತಾರೆ."

ಗುದ್ದಿ ಗುದ್ದಿ ಕಿರುಬೆರಳ ಕಡೆಯ ನಾಳ ಮುಚ್ಚಿಹೋಗಿತ್ತು. ಇನ್ನೊಂದನ್ನೂ ಕಿತ್ತಿದ್ದರೆ... ಅವಳ ಕಣ್ಣು ತುಂಬಿತು. 'ಇಂಥ ದಡ್ಡನನ್ನ ರೌಡಿ ಅಂದುಕೊಂಡೆನಲ್ಲ.'

ಎದೆಯ ಚರ್ಮ ತಂದು ಕೆನ್ನೆ ಮುಚ್ಚಿದರು. ಎಡಗೈ ಉಳಿಯಿತು.

ಡಿಸ್ಚಾರ್ಜ್ ದಿನ ಮುರಿದ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಅವನು ಬಾಗಿಲಲ್ಲೇ ನಿಂತ.

"ಮನೆಗೆ ಬಂದು ನಿಮ್ಮ ಅಪ್ಪಾರನ್ನ ಕೇಳ್ಲೇನ್ರಿ?"

"ನಮ್ಮಪ್ಪ ಮೊದ್ಲು ಬಾರಿಸ್ತಾರೆ, ಆಮ್ಯಾಲೆ ಹೆಸರು ಕೇಳ್ತಾರೆ."

"ಬಾರಿಸ್ಲಿ ಬಿಡ್ರಿ. ಬಲಗೆನ್ನೆ ಖಾಲಿ ಐತೆ."

ನಯನಾ ಅವನ ಹೊಸ ಕೆನ್ನೆಯ ಅಂಚನ್ನು ಬೆರಳಿನಿಂದ ಮುಟ್ಟಿದಳು.

"ನೀನು ಸುಮ್ನಿರು. ಅಪ್ಪನ್ನ ನಾನೇ ಕೇಳ್ತೀನಿ."