ಆರೋಪಿ ಹಾಜರಿದ್ದ

ಮಾರ್ಚ್ 4, ಸೋಮವಾರ, ಬೆಳಿಗ್ಗೆ 9.20ಕ್ಕೆ ರೆಡ್ ಗಮ್ ಕ್ರೀಕ್ ಠಾಣೆಗೆ ಕೋರ್ಟ್ ಗುಮಾಸ್ತರ ದೂರು ತಲುಪಿತು. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ್ದ ಆರೋಪಿ ಫೆಬ್ರವರಿ 26ರಂದು ಮೂರು ಸಲ ಕೂಗಿದರೂ ಹಾಜರಾಗಿಲ್ಲ. ಜೊತೆಗೆ ಬಂಧನದ ವಾರಂಟ್.

ಹೆಸರು ಕಂಡೊಡನೆ ಕಾನ್‌ಸ್ಟೆಬಲ್ ಜಂಗಳ ಕಾಗದವನ್ನು ಮಗುಚಿಟ್ಟ. ಆರೋಪಿ ಅವನ ಭಾವಮೈದ ಜುಂಗರಾಯಿ. ಜುಂಗರಾಯಿ ಎಂಬುದು ಬಳಗದ ಹೆಸರು; ವಾರಂಟಿನಲ್ಲಿದ್ದದ್ದು ಅವನಿಗೆ ಹುಟ್ಟಿದಾಗ ಇಟ್ಟದ್ದು, ಅವನ ಚಿಕ್ಕಪ್ಪನದೇ ಹೆಸರು. ಆ ಚಿಕ್ಕಪ್ಪ ಫೆಬ್ರವರಿ 20ರಂದು ತೀರಿಕೊಂಡಿದ್ದರು. ಸತ್ತವರ ಹೆಸರನ್ನು ಇವರಂಥ ಮೂಲನಿವಾಸಿ ವಾರ್ಲ್‌ಪಿರಿ ಜನ ಬಾಯಿಗೆ ತರುವುದಿಲ್ಲ. ಅದೇ ಹೆಸರಿನವನು ಅದಕ್ಕೆ ಓಗೊಡುವುದೂ ಇಲ್ಲ. ಇಲ್ಲಿಯೂ ಅದನ್ನು ಬರೆಯುವುದು ಬೇಡ. ಮಣ್ಣು ಮಾಡುವುದು ಶುಕ್ರವಾರ. ಗುಂಡಿ ತೋಡಲು ಮೊದಲ ಕೈ ಹಾಕಬೇಕಾದವನು ಜುಂಗರಾಯಿಯೇ.

10.15ಕ್ಕೆ ಸಾರ್ಜೆಂಟ್ ಮೊರೀನ್ ಹ್ಯಾಲೊರನ್ ಕೋರ್ಟಿನ ಕ್ಯಾಮೆರಾ ದೃಶ್ಯ ತರಿಸಿ ನೋಡಿದರು. 26ರ ಬೆಳಿಗ್ಗೆ 8.50ರಿಂದ ಸಂಜೆ ನಾಲ್ಕರವರೆಗೆ ಜುಂಗರಾಯಿ ಒಗೆದ ಅಂಗಿ ತೊಟ್ಟು ಬಾಗಿಲ ಪಕ್ಕದ ಬೆಂಚಿನ ಮೇಲೆಯೇ ಕೂತಿದ್ದ. ಕೂಗಿದಾಗಲೆಲ್ಲ ತಲೆ ತಗ್ಗಿಸಿದ್ದ.

"ಅಯ್ಯೋ, ಇಲ್ಲೇ ಇದಾನಲ್ಲೋ!"

"ಹೊಸ ಕಾನೂನು ಪಾಸಾಯ್ತಲ್ಲ ಮೇಡಂ? ಜೈಲು ತುಂಬ ನಮ್ಮೋರೇ ಇದಾರೆ, ಇಂಥದಕ್ಕೆಲ್ಲ ಹಿಡೀಬೇಡಿ, ಮೊದಲು ನೋಟಿಸು ಕೊಡಿ ಅಂತ?"

"ಅದು ಜುಲೈ ಒಂದರಿಂದ, ಜಂಗಳ. ಇದಿನ್ನೂ ಮಾರ್ಚ್." ಸಾರ್ಜೆಂಟ್ ಕಣ್ಣು ತಪ್ಪಿಸಿದರು.

11.40ಕ್ಕೆ ಒಣಗಿದ ಹಳ್ಳದ ಬಳಿ, ಸೂತಕದವರ ನಡುವೆ ಜುಂಗರಾಯಿ ಸಿಕ್ಕ. ಮೈಗೆ ಬಿಳಿಮಣ್ಣು ಬಳಿದುಕೊಂಡಿದ್ದ. ಓಡಲಿಲ್ಲ.

"ಏನ್ ಭಾವ, ಗಾಡಿ ತಂದ್ಬಿಟ್ಯಾ? ಲೈಸೆನ್ಸ್ ಇದೆ ತಾನೆ?"

"ಕೋರ್ಟಲ್ಲಿ ಯಾಕೆ ಏಳಲಿಲ್ಲ?"

"ನನ್ನನ್ನ ಕರೀಲೇ ಇಲ್ವಲ್ಲ."

12.30ಕ್ಕೆ ಠಾಣೆಯಿಂದ ಸಾರ್ಜೆಂಟ್ ಫೋನಿನಲ್ಲೇ ಮ್ಯಾಜಿಸ್ಟ್ರೇಟರನ್ನು ಜಾಮೀನು ಕೇಳಿದರು. ಕೊಡಲು ಅವರಿಗೆ ಅಡ್ಡಿಯಿರಲಿಲ್ಲ. ಆದರೆ ಆರೋಪಿ ತನ್ನ ಹೆಸರನ್ನು ತಾನೇ ಹೇಳಬೇಕು, ಧ್ವನಿಮುದ್ರಣಕ್ಕೆ.

"ಜುಂಗರಾಯಿ."

"ಅದು ನಿಮ್ಮ ಬಳಗದ ಹೆಸರು. ಊರಲ್ಲಿ ಐವತ್ತು ಜನ ಜುಂಗರಾಯಿಗಳಿದ್ದಾರೆ. ವಾರಂಟಿನಲ್ಲಿರುವುದನ್ನು ಹೇಳಿ," ಎಂದರು ಮ್ಯಾಜಿಸ್ಟ್ರೇಟರು.

ಜುಂಗರಾಯಿ ಫೋನನ್ನು ಮೇಜಿನ ಮೇಲಿಟ್ಟ. ಜಂಗಳ ಅವನ ಹೆಗಲು ಹಿಡಿದು ಕಿವಿಯ ಬಳಿ ಬಗ್ಗಿದ.

"ಒಂದೇ ಒಂದು ಸಲ ಹೇಳ್ಬಿಡು ಮಾರಾಯ. ಶುಕ್ರವಾರ ಮಣ್ಣಿಗೆ ಇರ್ತೀಯ. ನಿನ್ ಕೈ ಮುಗೀತೀನಿ."

"ಎಲ್ಲಿ, ನೀನು ಹೇಳು ನೋಡೋಣ."

ಇಪ್ಪತ್ತು ವರ್ಷ ಸಮವಸ್ತ್ರ ತೊಟ್ಟವನು ಜಂಗಳ. ಬಾಯಿ ತೆರೆದ. ಆಗಲಿಲ್ಲ, ನಾಲಿಗೆ ಏಳಲೇ ಇಲ್ಲ. ಅತ್ತ ಮ್ಯಾಜಿಸ್ಟ್ರೇಟರು ಒಂದು ನಿಮಿಷ ಕಾದರು, ಮುಂದಿನ ವಿಚಾರಣೆ ಮಾರ್ಚ್ 26, ಅಲ್ಲಿಯವರೆಗೆ ಜೈಲು ಎಂದು ಫೋನ್ ಇಟ್ಟರು.

1.05ಕ್ಕೆ ಬಂಧನ ದಾಖಲಾಯಿತು. ಕೊನೆಯ ಅಂಕಣ, ಗೈರುಹಾಜರಿಗೆ ಕಾರಣ. 'ಕಾರಣ ತಿಳಿಸಿಲ್ಲ' ಎಂದು ಬರೆಯುವುದು ವಾಡಿಕೆ. ಜಂಗಳ ಕಣ್ಣೊರೆಸಿಕೊಂಡು ಬರೆದ: "ಆರೋಪಿ ಹಾಜರಿದ್ದ. ಕೋರ್ಟು ಅವನ ಚಿಕ್ಕಪ್ಪನನ್ನು ಕೂಗಿತು. ಚಿಕ್ಕಪ್ಪ ತೀರಿಕೊಂಡಿದ್ದಾರೆ." ಸಾರ್ಜೆಂಟ್ ಓದಿ, ತಿದ್ದದೆ ಸಹಿ ಹಾಕಿದರು.

ಶುಕ್ರವಾರ ಜುಂಗರಾಯಿ ಇಲ್ಲದೆಯೇ ಮಣ್ಣು ಮಾಡಿದರು.