ಬೀಗ ಹಾಕಿದ ಚೀಟಿ

"ಆ ಪೆನ್‌ಡ್ರೈವ್ ಹಾಕ್ಬೇಡಿ! ಕೈ ತೆಗೀರಿ!"

ಜಯಪ್ರಿಯಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತಮಿಳು ಸೀಮೆಯ ಪಲ್ಲಡಂನ ಆ ಸರ್ಕಾರಿ ಕಚೇರಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದರೂ ಯಾರೂ ಹೀಗೆ ಗದರಿಸಿರಲಿಲ್ಲ.

"ಅಯ್ಯೋ ಕಡವುಳೇ! ಯಾಕ್ ಇಂಗೆ ಕೂಗ್ತೀರ? ನಾನೇನು ಕಳ್ಳಿಯಾ?"

ಗಾಬರಿಯಲ್ಲಿ ತನ್ನರಿವಿಲ್ಲದೆ ಕನ್ನಡದಲ್ಲೇ ಗದರಿಸಿದವನ ಮುಖ ಅರಳಿತು. "ನೀವು ಕನ್ನಡದೋರಾ?!"

ಅವನು ಜೀವನ್, ದಾವಣಗೆರೆಯವನು. ಮಗ್ಗದ ಕಾರ್ಮಿಕರ ದಾಖಲೆಗಳನ್ನೆಲ್ಲ ಸುರಕ್ಷಿತವಾಗಿ ಕ್ಲೌಡ್‌ಗೆ ಸಾಗಿಸಲು ಪೀಳಮೇಡಿನ ಕಂಪನಿಯಿಂದ ಬಂದಿದ್ದ ಎಂಜಿನಿಯರ್. ಆಮೇಲೆ ನಾಲ್ಕು ತಿಂಗಳು ಟೀ ಜೊತೆಗೇ, ಮಾತೂ ಜೊತೆಗೇ. ಮನಸ್ಸು ಯಾವಾಗ ಜಾರಿತೋ ಹುಡುಗಿಗೇ ಗೊತ್ತಾಗಲಿಲ್ಲ ನೋಡಿ!

ಆದರೆ ಆ ಸೋಮವಾರ ಅವಳ ಲಾಗಿನ್ ತೆರೆಯಲೇ ಇಲ್ಲ.

"ನಿನ್ನ ಹೆಸರಲ್ಲಿ ಯಾರೋ ಹೊರಗಿನಿಂದ ನುಗ್ಗಲು ನೋಡಿದ್ದಾರೆ. ಜೀವನ್ ನಿನ್ನ ಲಾಗಿನ್ ಮುಚ್ಚಿಸಿದ್ದಾನೆ. ಗುರುವಾರ ವಿಚಾರಣೆ," ಎಂದು ಮೇಲಧಿಕಾರಿ ಮೋಹನ್ ರಾಜ್ ತಮಿಳಿನಲ್ಲಿ ಹೇಳಿ ಹೋದರು.

ತಾನು ರಜೆ ಹಾಕಿದ ದಿನ ಕೆಲಸ ನಿಲ್ಲಬಾರದೆಂದು ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿಟ್ಟವಳು ಅವಳೇ! ಎಲ್ಲರೂ ಹಾಗೇ ಮಾಡುತ್ತಿದ್ದರು. ಸಿಕ್ಕಿಬಿದ್ದವಳು ಅವಳು.

'ಕೆಲಸ ಹೋಯಿತು... ಕೇಸೂ ಹಾಕುತ್ತಾರೋ ಏನೋ... ಅದೂ ಇವನ ಕೈಯಿಂದಲೇ!'

ಸಂಜೆ ಜೀವನ್ ಬಂದು, ಮಡಿಸಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟು, ಸರ್ರನೆ ಹೊರಟುಹೋದ.

ಬಿಡಿಸಿದರೆ ಪೂರ್ತಿ ಕನ್ನಡ ಅಕ್ಷರ! ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತಮಿಳು ಕಲಿತವಳಿಗೆ ಅದರಲ್ಲಿ ಒಂದಕ್ಷರವೂ ತಿಳಿಯದು. ಅವಳ ಅವ್ವ ಅಂಗಮ್ಮನಿಗೂ ಅಷ್ಟೇ. ಫೋನಿಗೆ ತೋರಿಸಿ ಓದಿಸೋಣವೆಂದರೆ, ಕಚೇರಿಯ ಕಾಗದದ ಫೋಟೊ ತೆಗೆಯಬಾರದೆಂದು ನಿಯಮ ಮಾಡಿದವನೂ ಅವನೇ. ಒಂದು ತಪ್ಪೇ ಸಾಲದೇ?

'ಕೆಲಸದಿಂದ ತೆಗೆದ ಸುದ್ದಿಯೇ ಇದು, ಬಾಯಿಬಿಟ್ಟು ಹೇಳಲಾರದೆ ಬರೆದಿದ್ದಾನೆ...'

ಮೂರು ದಿನ ಚೀಟಿ ಊಟದ ಚೀಲದಲ್ಲೇ ಉಳಿಯಿತು. ಜೀವನ್ ಎದುರಾದಾಗಲೆಲ್ಲ ಅವಳು ಮುಖ ತಿರುಗಿಸಿದಳು. ಅವನ ಮುಖವೂ ಬಾಡುತ್ತಾ ಬಂತು.

ಗುರುವಾರ, ವಿಚಾರಣೆಗೆ ಹತ್ತು ನಿಮಿಷವಿದ್ದಾಗ, ತಡೆಯಲಾರದೆ ಅವನ ಮುಂದೆ ಚೀಟಿ ಚಾಚಿದಳು.

"ನೀವೇ ಓದ್ಬುಡಿ! ನನ್ನ ತೆಗೆದ್ರಾ? ನಂಗೆ ಕನ್ನಡ ಮಾತಾಡ ಬರ್ತದೆ... ಎಳುತ್ತು ತೆರಿಯಾದು, ಅಕ್ಷರ ಗೊತ್ತಿಲ್ಲ!"

ಜೀವನ್ ಬೆಚ್ಚಿದ. "ಅಯ್ಯೋ! ನಾನು ಬೇಡ ಅಂತ ಮುಖ ತಿರುಗಿಸ್ತಿದ್ದೀರ ಅಂದ್ಕೊಂಡಿದ್ದೆ..."

"ಭಯಕ್ಕೆ! ಓದಿ ಮೊದಲು!"

ಅವನು ಓದತೊಡಗಿದ. "'ಹೆದರಬೇಡಿ. ಯಾವ ದಾಖಲೆಯೂ ಹೋಗಿಲ್ಲ. ನಿಮ್ಮನ್ನು ಕಾಪಾಡಲೆಂದೇ ಲಾಗಿನ್ ಮುಚ್ಚಿದೆ. ಕ್ಯಾಲೆಂಡರ್ ಹಿಂದೆ ಬರೆಯುವುದು ಇಡೀ ಕಚೇರಿಯ ಅಭ್ಯಾಸ, ನಿಮ್ಮೊಬ್ಬರ ತಪ್ಪಲ್ಲ ಎಂದು ನನ್ನ ವರದಿಯಲ್ಲಿದೆ...'"

ಅವನು ಚೀಟಿ ಮಡಿಸಲು ಹೊರಟ.

"ಮುಂದೆ?"

"'...ನನ್ನನ್ನು ಮದುವೆ ಆಗುತ್ತೀರಾ?'"

ಅವಳ ಕಣ್ಣು ತುಂಬಿಬಂತು.

"ಇಲ್ಲಿ ಬೇರೆ ಯಾರೂ ಓದಬಾರದು ಅಂತ ಕನ್ನಡದಲ್ಲಿ ಬರೆದೆ," ಎಂದ ಮೆಲ್ಲಗೆ.

"ನಲ್ಲಾ ಸೆಕ್ಯೂರಿಟಿ, ಬಲು ಚೆನ್ನಾಗಿದೆ! ಯಾರಿಗೆ ಬರೆದ್ರೋ ಅವಳಿಗೂ ಓದಕ್ಕಾಗ್ಲಿಲ್ಲ!" ಅಳುವಿನಲ್ಲೇ ನಕ್ಕಳು.

ಒಳಗಿನಿಂದ ಅವಳ ಹೆಸರು ಕೂಗಿದರು. ಅವಳು ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಹೋಗಿ, ನಡೆದದ್ದನ್ನ ಹಾಗೇ ಹೇಳಿ. ನಾನು ಬಾಗಿಲಲ್ಲೇ ಇರ್ತೀನಿ... ನನಗೆ ಉತ್ತರ?"

"ಎಳುತ್ತು ಕಲ್ಸಿ, ಬರೆದೇ ಕೊಡ್ತೀನಿ. 'ಹೂಂ' ಅನ್ನಕ್ಕೆ ಎಷ್ಟು ಎಳುತ್ತು ಬೇಕು?"

"ಒಂದೇ."

"ಅಂಗಾದ್ರೆ ಅದನ್ನೇ ಮೊದ್ಲು ಕಲ್ಸಿ."